ಬರೆದದ್ದು ನಾನು, ಬೀಗದ ಕೈ ಯಾರದ್ದೋ

ಆದಿತ್ಯವಾರ ಸಂಜೆ ಉಡುಪಿಯಲ್ಲಿ ಒಂದು ತಾಳಮದ್ದಳೆ ಕೂಟಕ್ಕೆ ಹೋಗಿದ್ದೆ. ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ಅದು. ಹಾಡಿದ ಪದ್ಯಕ್ಕೆ ಪಾತ್ರವಾಗಿ ಮಾತು ಕಟ್ಟುವುದಕ್ಕೆ ಅರ್ಥ ಹೇಳುವುದು ಅನ್ನುತ್ತಾರೆ. ನಾನು ಹೋದದ್ದು ಅರ್ಥ ಹೇಳಲಿಕ್ಕಲ್ಲ, ಕೇಳಲಿಕ್ಕೆ. ಶುರುವಾಗಲು ಇನ್ನೂ ಅರ್ಧ ಗಂಟೆ ಇತ್ತು. ಹಿಂದಿನ ಕೋಣೆಯಲ್ಲಿ ನಮ್ಮ ಸಂಘದ ಹುಡುಗ ಒಬ್ಬನೇ ಕೂತಿದ್ದ. ಅವತ್ತು ಭೀಷ್ಮನ ಅರ್ಥ ಅವನದ್ದು. ಇಷ್ಟು ದೊಡ್ಡ ಪಾತ್ರ ಸಿಕ್ಕಿದ್ದು ಅದೇ ಮೊದಲು. ಮುಖ ನೋಡಿದರೆ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅನ್ನಿಸುವ ಹಾಗಿತ್ತು.

“ಎಂತಾಯ್ತು ಮಾರಾಯಾ?” ಅಂದೆ.

“ಎಲ್ಲ ಹೋಯ್ತು ಅಕ್ಕ” ಅಂದ.

ಹೋದದ್ದು ನಾಲ್ಕು ತಿಂಗಳ ಟಿಪ್ಪಣಿ. ಅವನ ಹತ್ತಿರ ಒಂದು ಬರೆಯುವ ಟ್ಯಾಬ್ಲೆಟ್ ಇದೆ, ಕಾಗದದ ಹಾಗೆ ಕಾಣುವ ಇ-ಇಂಕ್ ಪರದೆಯದ್ದು. ಪ್ರಸಂಗದ ಪಿಡಿಎಫ್ ಅದರಲ್ಲಿ ಹಾಕಿಕೊಂಡು, ಪ್ರತಿ ಪದ್ಯದ ಪಕ್ಕದಲ್ಲಿ ಕೈಯಾರೆ ಬರೆದಿದ್ದ. ಇಲ್ಲಿ ಎದುರಿನ ಅರ್ಥಧಾರಿ ಏನು ಕೇಳಬಹುದು, ಕೇಳಿದರೆ ಏನು ಹೇಳಬೇಕು, ಯಾವ ಷಟ್ಪದಿಯ ಸಾಲು ತರಬೇಕು. ಹಿರಿಯ ಅರ್ಥಧಾರಿಯೊಬ್ಬರ ಮನೆಗೆ ಹೋಗಿ ಕೇಳಿ ಬರೆದುಕೊಂಡ ಮಾತುಗಳೂ ಅದರಲ್ಲೇ ಇದ್ದವು. ಶುಕ್ರವಾರ ಪರದೆ ಸ್ತಬ್ಧವಾಯಿತು. ಕಂಪನಿಗೆ ಫೋನ್ ಮಾಡಿದ. ರೀಸೆಟ್ ಮಾಡಿ ಅಂದರು. ಮಾಡಿದ. ಟ್ಯಾಬ್ಲೆಟ್ ಹೊಸದರ ಹಾಗೆ ಆಯಿತು, ಖಾಲಿ. ಕ್ಲೌಡ್‌ನಲ್ಲಿ, ಅಂದರೆ ಕಂಪನಿಯ ಕಂಪ್ಯೂಟರಿನಲ್ಲಿ, ಉಳಿಯಬೇಕಿದ್ದರೆ ತಿಂಗಳ ಚಂದಾ ಕಟ್ಟಬೇಕಿತ್ತಂತೆ. ಇವನು ಕಟ್ಟಿರಲಿಲ್ಲ. ಡೇಟಾಕ್ಕೆ ನಾವು ಜವಾಬ್ದಾರರಲ್ಲ ಅಂತ ಅವರು ಎರಡು ಸಲ ಹೇಳಿದರಂತೆ.

ಕೂಟ ನಡೆಯಿತು. ಹುಡುಗ ಚೆನ್ನಾಗಿಯೇ ಹೇಳಿದ. ಅರ್ಥ ಹೇಳುವಾಗ ಯಾರೂ ಚೀಟಿ ನೋಡುವುದಿಲ್ಲ ಅಲ್ವಾ, ತಲೆಯಲ್ಲಿ ಇದ್ದದ್ದು ಬಾಯಿಗೆ ಬಂತು. ಆದರೆ ಎರಡು ಕಡೆ ಅವನು ತಡವರಿಸಿದ್ದು ನನಗೆ ಗೊತ್ತಾಯಿತು. ಅಂದಿನಿಂದ ನನಗೆ ಸಮಾಧಾನ ಇಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ಇಂಥ ಯಂತ್ರಗಳನ್ನು ದೂರುವವಳಲ್ಲ. ನನ್ನನ್ನು ಬಲ್ಲವರಿಗೆ ಗೊತ್ತು, ಆರು ವರ್ಷದಿಂದ ನನ್ನ ಬ್ಯಾಗಿನಲ್ಲಿ ಇ-ರೀಡರ್ ಇಲ್ಲದ ದಿನ ಇಲ್ಲ. ಉಡುಪಿಯಿಂದ ಮಂಗಳೂರಿಗೆ ದಿನಾ ಹೋಗಿ ಬರುವುದು. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದರೆ ಮೂಲ್ಕಿ ಬರುವಷ್ಟರಲ್ಲಿ ಒಂದು ಅಧ್ಯಾಯ ಮುಗಿಯುತ್ತದೆ. ಕಣ್ಣು ಮೊದಲಿನ ಹಾಗಿಲ್ಲ. ಅಕ್ಷರ ದೊಡ್ಡದು ಮಾಡಿಕೊಂಡು ಓದುವ ಸುಖ ನನಗೆ ಈ ಯಂತ್ರ ಕೊಟ್ಟದ್ದು. ಮೊಬೈಲಿನ ಹಾಗೆ ಕಣ್ಣಿಗೆ ಬೆಳಕು ಎರಚುವುದಿಲ್ಲ. ಕೂದಲೆಳೆಯಷ್ಟು ಸಣ್ಣ ಗುಳ್ಳೆಗಳ ಒಳಗೆ ಕಪ್ಪು ಬಿಳಿ ಕಣಗಳು ಮೇಲೆ ಕೆಳಗೆ ಆಗಿ ಅಕ್ಷರ ಮೂಡುತ್ತದೆ, ಮೂಡಿದ ಮೇಲೆ ಅಲ್ಲೇ ನಿಲ್ಲುತ್ತದೆ. ಅದಕ್ಕೇ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುವುದು. ಬರೆಯುವ ಟ್ಯಾಬ್ಲೆಟ್‌ಗಳು ಇನ್ನೂ ಚಂದ. ಹೆಚ್ಚಿನವುಗಳ ಪೆನ್ನಿಗೆ ಬ್ಯಾಟರಿಯೇ ಬೇಡ, ಪರದೆಯಿಂದಲೇ ಅದಕ್ಕೆ ಶಕ್ತಿ. ಹುಡುಗನ ಟ್ಯಾಬ್ಲೆಟ್‌ನಲ್ಲಿ ನಾನೂ ಬರೆದು ನೋಡಿದ್ದೆ. ಪೆನ್ಸಿಲ್ ಕಾಗದದ ಮೇಲೆ ಉಜ್ಜಿದ ಸದ್ದು ಕೂಡ ಬರುತ್ತದೆ. ಆಸೆಯಾಯಿತು.

ನನ್ನ ಸಿಟ್ಟು ಒಂದೇ ವಿಷಯಕ್ಕೆ. ನಾನು ಬರೆದದ್ದು ನನ್ನ ಕೈಗೆ ಬರಬೇಕು. ಕೇಳಿದಾಗ ಬರಬೇಕು, ಪೂರ್ತಿ ಬರಬೇಕು, ಬೇರೆ ಕಡೆ ತೆರೆಯುವ ಹಾಗೆ ಬರಬೇಕು.

ಈಗ ಹಾಗೆ ಬರುವುದಿಲ್ಲ. ಅಮೆಜಾನ್ ಕಂಪನಿಯ ಇ-ರೀಡರ್ ಕಿಂಡಲ್‌ನಲ್ಲಿ ಕೊಂಡ ಪುಸ್ತಕದಿಂದ ಎಷ್ಟು ಗುರುತು ಹಾಕಿದ ಸಾಲು ಹೊರಗೆ ತೆಗೆಯಬಹುದು ಎಂಬುದಕ್ಕೆ ಪ್ರಕಾಶಕರು ಮಿತಿ ಇಡುತ್ತಾರೆ. ಮಿತಿ ದಾಟಿದ ಮೇಲೆ ಗುರುತು ಹಾಕಿದ್ದು ಹೊರಗೆ ಬರುವುದಿಲ್ಲ. ಹಣ ಕೊಟ್ಟದ್ದು ನಾನು, ಓದಿದ್ದು ನಾನು, ಗೀಟು ಹಾಕಿದ್ದು ನಾನು. ಅದೇ ಯಂತ್ರದಲ್ಲಿ ‘ಮೈ ಕ್ಲಿಪ್ಪಿಂಗ್ಸ್’ ಅಂತ ಒಂದು ಸಾದಾ ಪಠ್ಯದ ಕಡತ ಇದೆ. ಕೇಬಲ್ ಹಾಕಿದರೆ ಕಂಪ್ಯೂಟರಿಗೆ ಬರುತ್ತದೆ, ಯಾವ ಕಂಪ್ಯೂಟರಿನಲ್ಲೂ ತೆರೆಯುತ್ತದೆ. ಇಡೀ ಯಂತ್ರದಲ್ಲಿ ನನಗೆ ಅತ್ಯಂತ ಪ್ರೀತಿಯದ್ದು ಆ ಒಂದು ಕಡತ. ಕೆಒರೀಡರ್ ಎಂಬ ಉಚಿತ ತಂತ್ರಾಂಶವೂ ಟಿಪ್ಪಣಿಯನ್ನು ಪುಸ್ತಕದ ಪಕ್ಕದಲ್ಲೇ ಒಂದು ಫೋಲ್ಡರ್‌ನಲ್ಲಿ ಇಡುತ್ತದೆ, ಸಾದಾ ಪಠ್ಯವಾಗಿ ಹೊರಗೂ ಕೊಡುತ್ತದೆ. ಅಂದರೆ ಇದು ಆಗದ ಕೆಲಸ ಅಲ್ಲ.

ಕೈಬರಹದ ಕಷ್ಟ ಬೇರೆ ಇದೆ, ಅದನ್ನು ಒಪ್ಪುತ್ತೇನೆ. ಇ-ಪುಸ್ತಕದಲ್ಲಿ ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ಜರುಗುತ್ತವೆ. ಮೊದಲ ಸಾಲಿನ ಪಕ್ಕ ಬರೆದ ಗೀಟು ಆಗ ಎಲ್ಲಿಗೆ ಹೋಗಬೇಕು? 2022ರಲ್ಲಿ ಬರೆಯಲೂ ಆಗುವ ಕಿಂಡಲ್ ಸ್ಕ್ರೈಬ್ ಬಂದಾಗ ಪುಸ್ತಕದ ಪುಟದ ಮೇಲೆ ನೇರವಾಗಿ ಬರೆಯಲು ಆಗುತ್ತಿರಲಿಲ್ಲ. ಚೀಟಿ ಅಂಟಿಸಿದ ಹಾಗೆ ಬೇರೆ ಚೌಕದಲ್ಲಿ ಬರೆಯಬೇಕಿತ್ತು. ಕಷ್ಟದ ಕೆಲಸ, ನಿಧಾನಕ್ಕೆ ಸರಿಯಾಗುತ್ತದೆ. ಅದಕ್ಕೆ ನನಗೆ ಸಿಟ್ಟಿಲ್ಲ. ಬರೆದ ಮೇಲೆ ಅದನ್ನು ಒಳಗೇ ಇಟ್ಟುಕೊಳ್ಳುವುದಕ್ಕೆ ಸಿಟ್ಟು.

ಕನ್ನಡದವರಿಗೆ ಈ ಬೀಗ ಎರಡು ಸಲ. 2016ರ ಕೊನೆಗೆ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಪುಸ್ತಕಗಳು ಬಂದವು. ಆ ಐದರಲ್ಲಿ ಕನ್ನಡ ಇರಲಿಲ್ಲ. ಅವತ್ತು ನಾನು ಲೈಬ್ರರಿಯಲ್ಲಿ ಎಷ್ಟು ಜನರ ಹತ್ತಿರ ಇದನ್ನು ಹೇಳಿಕೊಂಡು ಬೇಸರಪಟ್ಟೆ ಅಂತ ನನ್ನ ಸಹೋದ್ಯೋಗಿಗಳಿಗೆ ನೆನಪಿರಬಹುದು. ಹಾಗಾಗಿ ನಾವು ಪಿಡಿಎಫ್ ಹಿಡಿದುಕೊಂಡೆವು. ಅದರಲ್ಲೂ ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಮಾಡಿದ ಪಿಡಿಎಫ್ ಜಾಸ್ತಿ. ಎಲ್ಲ ಯಂತ್ರಕ್ಕೂ ಅರ್ಥವಾಗುವ ಯೂನಿಕೋಡ್ ಅಲ್ಲ. ಪರದೆಯ ಮೇಲೆ ಚಂದದ ಕನ್ನಡ ಕಾಣುತ್ತದೆ, ಒಂದು ಸಾಲು ಗುರುತು ಹಾಕಿ ಹೊರಗೆ ತೆಗೆದರೆ ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕೆಗಳ ರಾಶಿ. ಅದರಲ್ಲಿ ಒಂದು ಪದ ಹುಡುಕಲಿಕ್ಕೂ ಆಗುವುದಿಲ್ಲ.

ಟಿಪ್ಪಣಿ ಟೈಪ್ ಮಾಡುವ ಎಂದರೆ ನನ್ನ ಇ-ರೀಡರ್‌ನಲ್ಲಿ ಕನ್ನಡ ಕೀಲಿಮಣೆ ಇಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತೇನೆ. ಮೂರು ತಿಂಗಳ ಮೇಲೆ ನೋಡಿದರೆ ಅದು ‘ಹಳ್ಳಿ’ಯೋ ‘ಹಲ್ಲಿ’ಯೋ, ‘ಕಲೆ’ಯೋ ‘ಕಳೆ’ಯೋ ನನಗೇ ತಿಳಿಯುವುದಿಲ್ಲ. ಹುಡುಗನ ಟ್ಯಾಬ್ಲೆಟ್‌ನಲ್ಲಿ ಕೈಬರಹವನ್ನು ಅಚ್ಚಿನ ಅಕ್ಷರ ಮಾಡುವ ಸೌಕರ್ಯ ಇದೆ. ಭಾಷೆಗಳ ಉದ್ದ ಪಟ್ಟಿ ಇದೆ. ನಾವಿಬ್ಬರೂ ಕೂತು ಕೆಳಗಿನ ತನಕ ನೋಡಿದೆವು. ಕನ್ನಡ ಇಲ್ಲ. ಇಂಗ್ಲಿಷ್ ಪುಸ್ತಕದಲ್ಲಿ ಒಂದು ಪದ ಒತ್ತಿ ಹಿಡಿದರೆ ಅರ್ಥ ಬರುತ್ತದೆ, ಕನ್ನಡ ಪದ ಒತ್ತಿದರೆ ನನ್ನ ಯಂತ್ರ ಸುಮ್ನೆ ಇರುತ್ತದೆ. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದು ಇದೇ ಮಂಗಳೂರಿನಲ್ಲಿ, ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ. ಯಾರ ಹಕ್ಕೂ ಅದರ ಮೇಲೆ ಉಳಿದಿಲ್ಲ. ಯಾರು ಬೇಕಾದರೂ ಹಾಕಿಕೊಳ್ಳಬಹುದು. ನನ್ನ ಯಂತ್ರಕ್ಕೆ ಯಾರೂ ಹಾಕಿಲ್ಲ.

ತಮ್ಮನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಮೊನ್ನೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. “ಅತ್ತೆ, ಕಾಗದ ಏನು ಶಾಶ್ವತವಾ? ನಿಮ್ಮ ಮನೆಯ ಅಟ್ಟದ ಪುಸ್ತಕ ಎಲ್ಲ ಒರಲೆ ತಿಂದಿಲ್ವಾ?” ಅಂದ. ತಿಂದಿದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಹತ್ತಿರ ಮಳೆ ಬೀಳುವ ಊರು ನಮ್ಮದು. ಆಟಿ ತಿಂಗಳ ಮಳೆಯಲ್ಲಿ ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿಯದ ಮನೆ ಇಲ್ಲಿ ಯಾವುದಿದೆ? ಲೈಬ್ರರಿಯಲ್ಲಿ ಪ್ರತಿ ಮಳೆಗಾಲ ಒಣ ಬಟ್ಟೆಯಿಂದ ಒಂದೊಂದೇ ಪುಸ್ತಕ ಒರೆಸುವವಳು ನಾನು. ಆದರೆ ಒರಲೆ ಬಂದರೆ ನನಗೆ ಕಾಣುತ್ತದೆ. ಒರಲೆ ನನಗೆ ಹೊಣೆ ಇಲ್ಲ ಅಂತ ಮೊದಲೇ ಸಹಿ ಹಾಕಿಸಿಕೊಳ್ಳುವುದಿಲ್ಲ. ಅರ್ಧ ತಿಂದ ಪುಟದಲ್ಲಿ ಉಳಿದ ಅರ್ಧವನ್ನು ನಾನು ಪ್ರತಿ ಮಾಡಿಕೊಳ್ಳಬಹುದು.

ಉಡುಪಿಯವರಿಗೆ ಟಿಪ್ಪಣಿ ಎಂದರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಮಧ್ವಾಚಾರ್ಯರು ಬರೆದದ್ದಕ್ಕೆ ಜಯತೀರ್ಥರು ಟೀಕೆ ಬರೆದರು, ಟೀಕಾಚಾರ್ಯರು ಅಂತಲೇ ಹೆಸರಾದರು. ಆ ಟೀಕೆಯ ಮೇಲೆ ಮತ್ತೆ ಟಿಪ್ಪಣಿ, ರಾಘವೇಂದ್ರ ತೀರ್ಥರೂ ಬರೆದಿದ್ದಾರೆ. ಓದುವವನು ಪಕ್ಕದಲ್ಲಿ ಬರೆದದ್ದು ಇಲ್ಲಿ ಗ್ರಂಥವೇ ಆಗಿದೆ. ತಾಳೆಗರಿ ನಮ್ಮ ಹವೆಯಲ್ಲಿ ಎಷ್ಟು ಕಾಲ ಬಾಳೀತು? ಹಾಳಾಗುವ ಮೊದಲು ಯಾರೋ ಇನ್ನೊಂದು ಗರಿಗೆ ಇಳಿಸಿದರು, ಅದಕ್ಕೇ ಉಳಿಯಿತು.

ಕ್ಲೌಡ್ ಇದೆಯಲ್ಲ ಅತ್ತೆ ಅಂದ ತಮ್ಮನ ಮಗ. ಇದೆ. 2009ರಲ್ಲಿ ಅಮೆಜಾನ್, ಹಕ್ಕಿಲ್ಲದವರು ಮಾರಿದ್ದಾರೆ ಅಂತ ಜಾರ್ಜ್ ಆರ್ವೆಲ್ ಅವರ ಪುಸ್ತಕಗಳನ್ನು ಜನ ಕೊಂಡ ಮೇಲೆ ಅವರ ಕಿಂಡಲ್‌ಗಳಿಂದಲೇ ಅಳಿಸಿತು. ಅಮೆರಿಕದ ಒಬ್ಬ ಹೈಸ್ಕೂಲ್ ಹುಡುಗ ಶಾಲೆಯ ಕೆಲಸಕ್ಕೆ ಅದರಲ್ಲಿ ಟಿಪ್ಪಣಿ ಮಾಡಿದ್ದ. ಟಿಪ್ಪಣಿ ಉಳಿಯಿತು, ಅದು ಯಾವ ಸಾಲಿಗೆ ಬರೆದದ್ದೋ ಆ ಸಾಲು ಹೋಯಿತು. ಅವನು ಕೋರ್ಟಿಗೆ ಹೋದ. ಕಂಪನಿ ಅದಕ್ಕೂ ಮೊದಲೇ ಕ್ಷಮೆ ಕೇಳಿತ್ತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿತು. ಪುಸ್ತಕಗಳನ್ನು ವಾಪಸ್ ತೆಗೆದುಕೊಂಡು ಹಣ ಹಿಂದೆ ಕೊಟ್ಟಿತು. ಪುಸ್ತಕದಲ್ಲಿ ಗುರುತು, ಟಿಪ್ಪಣಿ ಮಾಡಿದ್ದವರಿಗೆ 25 ಡಾಲರ್ ಹೆಚ್ಚು. ಈ ಸಂಗತಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಪುಸ್ತಕಕ್ಕೆ ಬೆಲೆ ಇರುತ್ತದೆ, ಹಿಂದೆ ಕೊಡಬಹುದು. ಒಬ್ಬ ಮನುಷ್ಯ ಓದುತ್ತ ಓದುತ್ತ ಪಕ್ಕದಲ್ಲಿ ಬರೆದದ್ದಕ್ಕೆ ಬೆಲೆ ಕಟ್ಟಿದ್ದು ಹೇಗೆ?

ಇಷ್ಟು ಹೇಳುವವಳು ನಾನೇ ಒಂದು ತಪ್ಪು ಮಾಡಿದ್ದೇನೆ. ಇದುವರೆಗೆ ಯಾರ ಹತ್ತಿರವೂ ಹೇಳಿಲ್ಲ.

ಕೆಲಸಕ್ಕೆ ಸೇರಿದ ಹೊಸತು. ತೀರಿಹೋದ ಒಬ್ಬ ಕನ್ನಡ ಮೇಷ್ಟ್ರ ಮನೆಯಿಂದ ಮೂರು ಪೆಟ್ಟಿಗೆ ಪುಸ್ತಕ ಲೈಬ್ರರಿಗೆ ದಾನ ಬಂತು. ಪುಟಪುಟದಲ್ಲೂ ಪೆನ್ಸಿಲಿನ ಸಣ್ಣ ಅಕ್ಷರ. ಪುಸ್ತಕದಲ್ಲಿ ಬರೆದರೆ ದಂಡ ಹಾಕುವ ಲೈಬ್ರರಿ ನಮ್ಮದು. ಬರೆದ ಪುಸ್ತಕ ಶೆಲ್ಫಿಗೆ ಇಡುವುದು ಹೇಗೆ ಅಂತ ನಾನು ರಬ್ಬರ್ ತೆಗೆದುಕೊಂಡು ಕೂತೆ. ಎರಡು ವಾರ ಅಳಿಸಿದೆ. ಶಿಸ್ತಿನ ಕೆಲಸ ಮಾಡಿದೆ ಅಂತ ಹೆಮ್ಮೆ ಬೇರೆ. ಎರಡು ವರ್ಷದ ಮೇಲೆ ಅವರ ಮಗಳು ಬಂದರು. ಅಪ್ಪಯ್ಯನ ಕೈಬರಹ ಮನೆಯಲ್ಲಿ ಏನೂ ಉಳಿದಿಲ್ಲ, ಆ ಪುಸ್ತಕಗಳನ್ನು ಒಮ್ಮೆ ನೋಡಬಹುದಾ ಅಂತ ಕೇಳಿದರು. ನಾನು ಒಂದು ಪುಸ್ತಕ ತಂದು ಕೊಟ್ಟೆ. ಅವರು ಪುಟ ತಿರುವುತ್ತಾ ಹೋದರು. ಬೆಳಕಿಗೆ ಓರೆಯಾಗಿ ಹಿಡಿದರೆ ಪೆನ್ಸಿಲ್ ಒತ್ತಿದ ಗುರುತು ಸ್ವಲ್ಪ ಕಾಣುತ್ತಿತ್ತು. ಅವರು ಹಾಗೇ ಹಿಡಿದು ತುಂಬ ಹೊತ್ತು ನೋಡಿದರು. ನನಗೆ ಏನೂ ಹೇಳಲಿಲ್ಲ. ಹೇಳಿದ್ದರೆ ವಾಸಿ ಇತ್ತು.

ಆದಿತ್ಯವಾರ ಆ ಹುಡುಗ ಖಾಲಿ ಪರದೆ ಹಿಡಿದು ಕೂತದ್ದು ನೋಡಿದಾಗ ನನಗೆ ನೆನಪಾದದ್ದು ಅವರು. ಅವರಿಗೆ ಪುಟದಲ್ಲಿ ಒತ್ತಿದ ಗುರುತಾದರೂ ಸಿಕ್ಕಿತು.

ಬರೆಯುವ ಟ್ಯಾಬ್ಲೆಟ್ ಕೊಳ್ಳಬೇಕು ಅಂತಿರುವ ಗೆಳೆಯರು, ಅದಕ್ಕೆ ನಲವತ್ತು ಐವತ್ತು ಸಾವಿರ ಹಾಕುವ ಮೊದಲು ಅಂಗಡಿಯವರ ಎದುರಿಗೇ ಒಂದು ಪುಟ ಕನ್ನಡ ಬರೆದು, ಅದನ್ನು ಹೊರಗೆ ತೆಗೆದು ನಿಮ್ಮ ಮೊಬೈಲಿನಲ್ಲಿ ತೆರೆದು ನೋಡಿ. ಚಂದಾ ಇಲ್ಲದೆ ಬರುತ್ತದಾ ಕೇಳಿ. ಯಂತ್ರ ಕೆಟ್ಟರೆ ಬರೆದದ್ದು ಎಲ್ಲಿರುತ್ತದೆ ಕೇಳಿ. ಪೆನ್ನಿನ ಮೊನೆ, ಪರದೆಯ ಅಳತೆ ಎಲ್ಲ ಆಮೇಲೆ.

ಸೋಮವಾರದಿಂದ ದಿನಾ ರಾತ್ರಿ ನನ್ನ ಇ-ರೀಡರ್ ಖಾಲಿ ಮಾಡುತ್ತಿದ್ದೇನೆ. ಒಂದೊಂದೇ ಟಿಪ್ಪಣಿ ನೋಟ್‌ಬುಕ್ಕಿಗೆ ಇಳಿಸುವುದು, ಈ ಸಲ ಕನ್ನಡ ಅಕ್ಷರದಲ್ಲಿ. ನಿನ್ನೆ ಹನ್ನೊಂದು ಗಂಟೆಗೆ ಒಂದು ಕಡೆ ನಿಂತೆ. ನಾನೇ ಬರೆದ ಟಿಪ್ಪಣಿ: “ಇದು ಅಮ್ಮ ಹೇಳುತ್ತಿದ್ದ ಮಾತೇ!” ಅದರ ಮೇಲೆ ಪುಸ್ತಕದ ಸಾಲು ಇರಬೇಕಿತ್ತು. ಅಲ್ಲಿ ಮಿತಿ ಮುಗಿದಿದೆ ಎಂಬ ಸಂದೇಶ ಇತ್ತು. ಪುಸ್ತಕ ತೆರೆಯುವ ಅಂದರೆ ಅದು ಚಂದಾದಲ್ಲಿ ಓದಿದ್ದು, ಚಂದಾ ನಿಲ್ಲಿಸಿ ವರ್ಷವಾಯಿತು. ಅಮ್ಮ ಏನು ಹೇಳುತ್ತಿದ್ದರು ಅಂತ ಬೆಳಗ್ಗಿನಿಂದ ಯೋಚಿಸುತ್ತಿದ್ದೇನೆ. ತಂಗಿಗೂ ಫೋನ್ ಮಾಡಿ ಕೇಳಿದೆ. ಪುಸ್ತಕದ ಹೆಸರು ಇದೆ. ಶನಿವಾರ ಮಂಗಳೂರಿನ ಹಂಪನಕಟ್ಟೆಗೆ ಹೋದಾಗ ಅಂಗಡಿಯಲ್ಲಿ ಪ್ರತಿ ಸಿಗುತ್ತದಾ ನೋಡಬೇಕು.