ಹೆಸರು ಬರಲಿಲ್ಲ ಅಂದಮಾತ್ರಕ್ಕೆ ನೆನಪು ಸುಳ್ಳೇ?

ಇವತ್ತು ಮತ್ತೆ ಅದೇ ಮಾತು ಕಿವಿಗೆ ಬಿತ್ತು. ವಯಸ್ಸಾದ ತಾಯಿಯೊಬ್ಬರು ಹೆರಿಗೆ ವಾರ್ಡಿನ ಪಕ್ಕದ ಮಂಚದವಳ ಬಗ್ಗೆ ಹೇಳುತ್ತಿದ್ದರು. ಮಗುವಿಗೆ ಮೊಲೆ ಹಿಡಿಸುವುದನ್ನು ಕಲಿಸಿದವಳಂತೆ, ರಾತ್ರಿ ಗೋಡೆಗೆ ಮುಖ ಮಾಡಿಕೊಂಡು ಅಳುತ್ತಿದ್ದಳಂತೆ. ಮಗ ನಡುವೆ ಬಾಯಿ ಹಾಕಿ, "ಸರಿ, ಹೆಸರೇನು ಹೇಳು?" ಅಂದ. ಅವರಿಗೆ ಹೆಸರು ಬರಲಿಲ್ಲ. "ನೋಡಿದ್ಯಾ, ಎಲ್ಲಾ ನೀನೇ ಕಟ್ಟಿದ್ದು!" ನನಗೆ ಮೈ ಉರಿದುಹೋಯಿತು.

ಹೆಸರು ಮರೆತರೆ ಮನುಷ್ಯರನ್ನೇ ಮರೆತಂತಲ್ಲ. ಮನೋವಿಜ್ಞಾನಿ ಹ್ಯಾರಿ ಬಾಹ್ರಿಕ್ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನ ಹೈಸ್ಕೂಲು ಸಹಪಾಠಿಗಳ ಮುಖಗಳನ್ನು ದಶಕಗಳ ನಂತರವೂ ಹತ್ತಕ್ಕೆ ಸುಮಾರು ಒಂಬತ್ತರಷ್ಟು ಗುರುತಿಸಿದರು. ಅದೇ ಫೋಟೊ ನೋಡಿ ಹೆಸರು ಹೇಳಿ ಅಂದಾಗ ತಡವರಿಸಿದರು. ಸಹಪಾಠಿಗಳ ಜೊತೆ ವರ್ಷಗಟ್ಟಲೆ ಇರುತ್ತೇವೆ, ವಾರ್ಡಿನಲ್ಲಿ ಕೆಲವೇ ದಿನ, ನಿಜ. ಆದರೆ ಅವು ಎಂಥ ದಿನಗಳು! ನೋವು, ಭಯ, ನಿದ್ದೆಗೇಡು, ಹಗಲೂ ರಾತ್ರಿ ಎದುರಿಗೆ ಅವೇ ಮುಖಗಳು. ಮೈ ಹಾಗೆ ಉದ್ವೇಗದಲ್ಲಿದ್ದಾಗ ಹೊಮ್ಮುವ ಅಡ್ರಿನಲಿನ್, ಕಾರ್ಟಿಸಾಲ್‌ನಂಥ ಹಾರ್ಮೋನುಗಳು ಮಿದುಳಿನಲ್ಲಿ ಭಾವನೆಗಳನ್ನು ನೋಡಿಕೊಳ್ಳುವ ಅಮಿಗ್ಡಲ ಎಂಬ ಭಾಗದ ಮೂಲಕ ನೆನಪು ಗಟ್ಟಿಯಾಗಿ ಕೂರುವಂತೆ ಮಾಡುತ್ತವೆ. ಹೆಸರಿಗೆ ಆ ಭಾಗ್ಯವಿಲ್ಲ. ಅದನ್ನು ಒಮ್ಮೆ ಕೇಳಿರುತ್ತೇವೆ, ಆಮೇಲೆ ಬಾಯಲ್ಲಿ ಬರುವುದೆಲ್ಲ "ಅಕ್ಕ", "ಸಿಸ್ಟರ್" ಅಷ್ಟೇ.

ಗಟ್ಟಿ ಎನಿಸುವ ನೆನಪೂ ತಪ್ಪಾಗಬಹುದು, 1986ರ ಚಾಲೆಂಜರ್ ಬಾಹ್ಯಾಕಾಶ ನೌಕೆ ದುರಂತದ ಸುದ್ದಿಯನ್ನು ಎಲ್ಲಿ ಕೇಳಿದೆವು ಎಂಬುದನ್ನೇ ಎಷ್ಟೋ ಜನ ಎರಡು ಮೂರು ವರ್ಷಗಳಲ್ಲಿ ತಪ್ಪಾಗಿ, ಅದೂ ಪೂರ್ತಿ ಭರವಸೆಯಿಂದ ಹೇಳಿದ್ದರು ಎಂದು ವಾದಿಸುವವರಿದ್ದಾರೆ. ಸರಿ, ಆದರೆ ಅದು ದೂರದಲ್ಲಿ ನಡೆದದ್ದರ ಸುದ್ದಿ. ಹೆರಿಗೆ ತನ್ನ ಮೈಮೇಲೆಯೇ ನಡೆದದ್ದು. ಹೆರಿಗೆ ತರಬೇತಿ ನೀಡುತ್ತಿದ್ದ ಪೆನ್ನಿ ಸಿಮ್ಕಿನ್, 20 ಮಹಿಳೆಯರು ಹೆರಿಗೆಯಾದ ಹೊಸತರಲ್ಲಿ ಬರೆದದ್ದನ್ನು ಹದಿನೈದು ಇಪ್ಪತ್ತು ವರ್ಷಗಳ ನಂತರ ಅವರೇ ಹೇಳಿದ್ದರ ಜೊತೆ ಹೋಲಿಸಿ 1992ರಲ್ಲಿ ಪ್ರಕಟಿಸಿದರು. ನೆನಪುಗಳು ಬಹುಮಟ್ಟಿಗೆ ತಾಳೆಯಾದವು. ವೈದ್ಯರು, ನರ್ಸ್‌ಗಳು ಆಡಿದ ಮಾತುಗಳೂ ಉಳಿದಿದ್ದವು. ಒರಟಾಗಿ ಗದರಿದವರನ್ನೂ ಕೈ ಹಿಡಿದುಕೊಂಡವರನ್ನೂ ಹೆಂಗಸರು ಮರೆಯುವುದಿಲ್ಲ. ವಾರ್ಡಿನಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕು.

ಅಮ್ಮನ ನೆನಪನ್ನು ಕೆಡಿಸುವುದು ಹೆಚ್ಚಾಗಿ ಕೇಳುವವರ ಅವಸರ. "ಆ ನರ್ಸ್ ಎತ್ತರಕ್ಕಿದ್ದಳಾ?" ಎಂದು ಕೇಳಿದರೆ ಎತ್ತರದ ನರ್ಸ್ ಒಬ್ಬಳನ್ನು ನೀವೇ ಒಳಗೆ ಸೇರಿಸಿದಂತೆ. ಮಂಚ ಎಲ್ಲಿತ್ತು, ಬೆಳಕು ಯಾವ ಕಡೆಯಿಂದ ಬರುತ್ತಿತ್ತು, ಮಗುವನ್ನು ಎಲ್ಲಿ ಮಲಗಿಸಿದ್ದರು ಎಂದು ಕೇಳಿ ಸುಮ್ಮನಿರಿ, ಅವರು ತಡವರಿಸಿದರೂ ನೀವು ತುಂಬಿಸಲು ಹೋಗಬೇಡಿ. ಹೇಳಿದ್ದನ್ನು ಮೊದಲು ಬರೆದುಕೊಂಡು ಆಮೇಲೆ ಹಳೆಯ ಫೋಟೊ, ಡಿಸ್ಚಾರ್ಜ್ ಚೀಟಿ ತೆಗೆಯಿರಿ. ಎರಡು ಹೆರಿಗೆ ಒಂದೇ ಆಸ್ಪತ್ರೆಯಲ್ಲಾಗಿದ್ದರೆ ಒಂದು ಹೆರಿಗೆಯ ಜನ ಇನ್ನೊಂದರ ನೆನಪಿಗೆ ಬಂದು ಸೇರಿಕೊಳ್ಳಬಹುದು. ಆಗ "ಮೊದಲ ಮಗು ಆಗ ಯಾರ ಹತ್ತಿರ ಇತ್ತು?" ಎಂದು ಕೇಳಿ, ಎಷ್ಟೋ ಸಲ ಅವರೇ ಬಿಡಿಸಿ ಹೇಳುತ್ತಾರೆ.