ಮಡಿಲ ಕೂಸಿಗೂ ಸೀಟು ಬೇಕು
ಎರಡು ವರ್ಷದೊಳಗಿನ ಮಗುವಿಗೆ ವಿಮಾನದಲ್ಲಿ ಪ್ರತ್ಯೇಕ ಸೀಟು ದುಂದುವೆಚ್ಚ, ಅಮ್ಮನ ಮಡಿಲೇ ಸಾಕು ಎಂದಿದ್ದಾರೆ ಲೇಖನವೊಂದರ ಲೇಖಕರು. ಒಪ್ಪಲಾರೆ. ವಿಮಾನ ದಿಢೀರನೆ ಕುಸಿದಾಗ ಎಷ್ಟೇ ಗಟ್ಟಿ ತೋಳಿದ್ದರೂ ಮಗು ಕೈಜಾರುತ್ತದೆ. 1989ರಲ್ಲಿ ಅಮೆರಿಕದ ಸೂ ಸಿಟಿಯಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ 232ನೇ ಸಂಖ್ಯೆಯ ವಿಮಾನ ನೆಲಕ್ಕೆ ಅಪ್ಪಳಿಸುವ ಮುನ್ನ ಮಡಿಲ ಕೂಸುಗಳನ್ನು ನೆಲದ ಮೇಲಿರಿಸಿ ಹಿಡಿದುಕೊಳ್ಳಲು ಹೇಳಲಾಗಿತ್ತು. ಅವುಗಳಲ್ಲಿ ಒಂದು ಉಳಿಯಲಿಲ್ಲ. ಹಾಗೆ ಹೇಳಬೇಕಾಗಿ ಬಂದ ಗಗನಸಖಿ ಜಾನ್ ಬ್ರೌನ್ ಮುಂದೆ ವರ್ಷಗಟ್ಟಲೆ ಕೂಸನ್ನು ಮಡಿಲಲ್ಲೇ ಕೂರಿಸಿಕೊಳ್ಳಲು ಬಿಡುವ ನಿಯಮ ಬದಲಿಸಲು ಹೋರಾಡಿದರು. ದುಡ್ಡಿನ ಕಷ್ಟ ಸುಳ್ಳಲ್ಲ ಬಿಡಿ. ಆದರೆ ಸೀಟು ಕೊಂಡವರು ಗಮನಿಸಿ: ಅದರಲ್ಲಿ ಕಟ್ಟುವ ಮಗುವಿನ ಕಾರ್ ಸೀಟಿನ ಮೇಲೆ ವಿಮಾನಕ್ಕೂ ಆಗುತ್ತದೆಂಬ ಚೀಟಿ ಇರಬೇಕು. ಟೇಕಾಫ್, ಲ್ಯಾಂಡಿಂಗ್ ವೇಳೆ ಬೂಸ್ಟರ್ (ಮಗುವನ್ನು ಎತ್ತರಕ್ಕೆ ಕೂರಿಸುವ ಸೀಟು) ನಡೆಯದು. 10ರಿಂದ 20 ಕೆಜಿ ತೂಕದ ಮಕ್ಕಳಿಗಾದರೆ ಸೀಟಿನ ಬೆನ್ನಿಗೆ ಸುತ್ತಿ ಕಟ್ಟುವ ಕೇರ್ಸ್ ಬೆಲ್ಟ್ ಇದೆ, ಹೊರಲೂ ಹಗುರ.