ಸತ್ಯಾಂಶ: ವಾಲ್ಟರ್ ಟಲ್ ನಿಜಕ್ಕೂ ‘ಮೊದಲಿಗ’ರೇ?

‘ವಾಲ್ಟರ್ ಟಲ್: ಮೊದಲ ಕಪ್ಪುವರ್ಣೀಯ ವೃತ್ತಿಪರ ಫುಟ್‌ಬಾಲ್ ಆಟಗಾರ, ಬ್ರಿಟಿಷ್ ಸೇನೆಯ ಮೊದಲ ಕಪ್ಪುವರ್ಣೀಯ ಅಧಿಕಾರಿ, ಮಿಲಿಟರಿ ಕ್ರಾಸ್ ಪದಕ ವಿಜೇತ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿರುತ್ತದೆ. ಮೂರೂ ಸರಿಯಲ್ಲ.

ಗೋಲ್‌ಕೀಪರ್ ಆರ್ಥರ್ ವಾರ್ಟನ್ 1880ರ ದಶಕದಲ್ಲೇ ವೃತ್ತಿಪರರಾಗಿ ಆಡಿದ್ದರು. ಮೊದಲ ಮಹಾಯುದ್ಧದ ವೇಳೆ ಸೇನೆಯಲ್ಲಿ ಜಾರ್ಜ್ ಬೆಮಂಡ್ 1915ರಲ್ಲೇ ಅಧಿಕಾರಿಯಾದರು. ಟಲ್ ಆದದ್ದು 1917ರ ಮೇ ತಿಂಗಳಲ್ಲಿ. ಇನ್ನು ಪದಕ? ಶಿಫಾರಸಾಗಿತ್ತು ಎಂದು ಜತೆಗಾರ ಅಧಿಕಾರಿಯೊಬ್ಬರು ಟಲ್ ಅವರ ಅಣ್ಣನಿಗೆ ಬರೆದಿದ್ದರು, ಆದರೆ ಕೊಡಲಿಲ್ಲ. ಇಟಲಿಯಲ್ಲಿ ತೋರಿದ ಧೈರ್ಯಕ್ಕೆ ಮೇಜರ್ ಜನರಲ್ ಲಾಫರ್ಡ್ ಅವರ ಪ್ರಶಂಸೆಯಂತೂ ಸಿಕ್ಕಿತ್ತು.

ಅವರ ನಿಜವಾದ ಕಥೆಗೆ ಈ ಬಿರುದುಗಳ ಅಗತ್ಯವೇ ಇಲ್ಲ ಎನ್ನುವುದು ನನ್ನ ಅನಿಸಿಕೆ. ತಂದೆ ಬಾರ್ಬಡೋಸ್‌ನಿಂದ ಬಂದ ಬಡಗಿ. ತಂದೆತಾಯಿ ಇಬ್ಬರನ್ನೂ ಎಳವೆಯಲ್ಲೇ ಕಳೆದುಕೊಂಡ ಟಲ್ ಬೆಳೆದದ್ದು ಲಂಡನ್ನಿನ ಅನಾಥಾಲಯದಲ್ಲಿ. 1909ರಲ್ಲಿ ಲಂಡನ್ನಿನ ಟಾಟನ್‌ಹ್ಯಾಮ್ ಫುಟ್‌ಬಾಲ್ ಕ್ಲಬ್ ಸೇರಿದರು. ಬ್ರಿಸ್ಟಲ್‌ನಲ್ಲಿ ಪ್ರೇಕ್ಷಕರು ಬಣ್ಣ ಹಿಡಿದು ಹೀನಾಯವಾಗಿ ನಿಂದಿಸಿದರೂ ಆಟ ಬಿಡಲಿಲ್ಲ. ನಂತರ ನಾರ್ಥಾಂಪ್ಟನ್ ಟೌನ್ ಪರ ನೂರಕ್ಕೂ ಹೆಚ್ಚು ಪಂದ್ಯ ಆಡಿದರು. 1914ರ ಡಿಸೆಂಬರ್‌ನಲ್ಲಿ ಸೇನೆಯ ಫುಟ್‌ಬಾಲ್ ಆಟಗಾರರ ಬೆಟಾಲಿಯನ್ ಸೇರಿದರು.

1918ರ ಮಾರ್ಚ್ 25ರಂದು ಫ್ರಾನ್ಸ್‌ನಲ್ಲಿ ಗುಂಡಿಗೆ ಬಲಿಯಾದಾಗ ಅವರ ವಯಸ್ಸು 29. ಸಂಗಡಿಗರು ದೇಹ ತರಲು ಪ್ರಯತ್ನಿಸಿದರೂ ಆಗಲಿಲ್ಲ. ಸಮಾಧಿಯಿಲ್ಲದ ಟಲ್ ಅವರ ಹೆಸರು ಫ್ರಾನ್ಸ್‌ನ ಆರಾಸ್ ಯುದ್ಧ ಸ್ಮಾರಕದ ಗೋಡೆಯ ಮೇಲಿದೆ.